ಲಿಂಫೋಮಾ ಗುಣವಾಗಿ ವರ್ಷಗಳೇ ಆದವು, ಇನ್ನೂ ಟೆಸ್ಟ್ ಬೇಕೇ?

ಪ್ರಶ್ನೆ: ನನ್ನ ಮಗಳಿಗೆ ಈಗ 23. ಹನ್ನೊಂದರಲ್ಲಿ ಹಾಡ್ಜ್‌ಕಿನ್ ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಬಂದಿತ್ತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಎಬಿವಿಡಿ 6 ಸೈಕಲ್, ಕುತ್ತಿಗೆ ಮತ್ತು ಎದೆಗೆ 20 ಗ್ರೇ ರೇಡಿಯೇಷನ್’ ಎಂದಷ್ಟೇ ಇದೆ (ಎಬಿವಿಡಿ ಎಂದರೆ ನಾಲ್ಕು ಔಷಧಿಗಳ ಕೀಮೋ, ಗ್ರೇ ಎಂದರೆ ರೇಡಿಯೇಷನ್ ಅಳತೆ). ಐದು ವರ್ಷ ಫಾಲೋಅಪ್ ಮುಗಿಸಿ ‘ಇನ್ನು ಬರಬೇಕಿಲ್ಲ’ ಎಂದರು. ಆರೋಗ್ಯವಾಗಿದ್ದಾಳೆ, ಮುಟ್ಟೂ ಸರಿಯಾಗಿದೆ. ಈಗ ಗಂಡು ನೋಡುತ್ತಿದ್ದೇವೆ. ಮಕ್ಕಳಾಗಲು ತೊಂದರೆಯೇ? ಹುಡುಗನ ಮನೆಯವರಿಗೆ ಹೇಳಬೇಕೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಕಾಯಿಲೆ ಮರುಕಳಿಸುವ ಆತಂಕದ ಮಟ್ಟಿಗೆ ‘ಇನ್ನು ಬರಬೇಕಿಲ್ಲ’ ಎಂಬ ಮಾತು ಸರಿ. ಆದರೆ ಔಷಧಿ ಮತ್ತು ರೇಡಿಯೇಷನ್‌ನ ಪರಿಣಾಮ ಹತ್ತಿಪ್ಪತ್ತು ವರ್ಷ ಕಳೆದ ಮೇಲೂ ತಲೆ ಎತ್ತಬಹುದು. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ 1991ರಲ್ಲೇ ಹೀಗೆ ಗುಣವಾದವರಿಗೆಂದು ಪ್ರತ್ಯೇಕ ಕ್ಲಿನಿಕ್ ತೆರೆದದ್ದು ಇದಕ್ಕೇ. ಯಾವ ಪರೀಕ್ಷೆ, ಎಷ್ಟು ವರ್ಷಕ್ಕೊಮ್ಮೆ ಎಂಬುದು ಕೊಟ್ಟ ಡೋಸ್ ಮೇಲೆ ನಿಂತಿದೆ.

ಮೊದಲು ಹೃದಯ. ಎಬಿವಿಡಿಯ ‘ಎ’ ಎಂದರೆ ಅಡ್ರಿಯಾಮೈಸಿನ್, ಅಂದರೆ ಡಾಕ್ಸೊರುಬಿಸಿನ್, ಆ ಕೆಂಪು ಬಣ್ಣದ ಔಷಧಿ. ಒಂದು ಸೈಕಲ್‌ನಲ್ಲಿ ಎರಡು ಸಲ, ಪ್ರತಿ ಸಲ ದೇಹದ ಮೇಲ್ಮೈಯ ಚದರ ಮೀಟರಿಗೆ 25 ಮಿಗ್ರಾಂ. ಡೋಸ್ ಕಡಿಮೆ ಮಾಡಿರದಿದ್ದರೆ ಆರು ಸೈಕಲ್‌ಗೆ ಚದರ ಮೀಟರಿಗೆ 300 ಮಿಗ್ರಾಂ. 250 ದಾಟಿದರೆ ಹೆಚ್ಚು ಅಪಾಯದ ಗುಂಪು. ಜೊತೆಗೆ ಎದೆಗೆ ರೇಡಿಯೇಷನ್ ಬೇರೆ ಬಿದ್ದಿದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಎಕೊ (ಹೃದಯದ ಅಲ್ಟ್ರಾಸೌಂಡ್) ಬೇಕೇ ಬೇಕು. ‘ನಾರ್ಮಲ್’ ಎಂಬ ಒಂದೇ ಪದದ ರಿಪೋರ್ಟ್ ಸಾಲದು. ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರದೂಡುತ್ತದೆ ಎಂಬ ಲೆಕ್ಕ) ಎಷ್ಟು ಎಂದು ಬರೆಸಿಕೊಳ್ಳಿ. ಈ ಸಲ 64, ಮುಂದಿನ ಸಲ 53 ಬಂದರೆ ಎರಡೂ ‘ನಾರ್ಮಲ್’ ಎನಿಸಿಕೊಳ್ಳಬಹುದು, ಇಳಿದದ್ದು ಯಾರಿಗೂ ಕಾಣುವುದಿಲ್ಲ.

ಕೆಲವು ದಾಖಲೆಗಳಲ್ಲಿ ಒಟ್ಟು ಮಿಗ್ರಾಂ ಮಾತ್ರ ಇರುತ್ತದೆ. ಆಗ ದೇಹದ ಮೇಲ್ಮೈ ಎಷ್ಟೆಂದು ತಿಳಿಯಲು ಮಗುವಿನ ಅಂದಿನ ಎತ್ತರವನ್ನು (ಸೆಂಮೀ) ತೂಕದಿಂದ (ಕಿಲೋ) ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. 144 ಸೆಂಮೀ, 36 ಕಿಲೋ ಇದ್ದರೆ 1.2 ಚದರ ಮೀಟರ್. ಒಟ್ಟು 360 ಮಿಗ್ರಾಂ ಎಂದಿದ್ದರೆ 1.2ರಿಂದ ಭಾಗಿಸಿ: 300. ಚಿಕಿತ್ಸೆ ಪಡೆದ ಆಸ್ಪತ್ರೆಯ ರೆಕಾರ್ಡ್ ವಿಭಾಗಕ್ಕೆ ಕೇಸ್ ನಂಬರ್ ಕೊಟ್ಟು ಕೀಮೋ ಚಾರ್ಟ್, ರೇಡಿಯೇಷನ್ ಸಮ್ಮರಿ ಎರಡರ ಪ್ರತಿ ಕೇಳಿ. ಇದನ್ನು ಮುಂದೂಡಬೇಡಿ: ಒಳರೋಗಿ ದಾಖಲೆಯನ್ನು ವೈದ್ಯರು ಕಡ್ಡಾಯವಾಗಿ ಇಟ್ಟುಕೊಳ್ಳಬೇಕಾದ್ದು ಮೂರೇ ವರ್ಷ ಎನ್ನುತ್ತದೆ 2002ರ ವೈದ್ಯಕೀಯ ಮಂಡಳಿ ನಿಯಮ.

ಎರಡನೆಯದು ಸ್ತನ. ಎದೆಗೆ 10 ಗ್ರೇ ಅಥವಾ ಹೆಚ್ಚು ಬಿದ್ದ ಹೆಣ್ಣುಮಕ್ಕಳಿಗೆ 25ನೇ ವಯಸ್ಸಿನಿಂದ (ಅಥವಾ ರೇಡಿಯೇಷನ್ ಆಗಿ ಎಂಟು ವರ್ಷದಿಂದ, ಯಾವುದು ತಡವೋ ಅದು) ಸ್ತನ ಕ್ಯಾನ್ಸರ್ ಬೇಗ ಪತ್ತೆಯಾಗಲೆಂದು ವರ್ಷಕ್ಕೊಮ್ಮೆ ಎಂಆರ್‌ಐ ಮತ್ತು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ). ‘ಇಷ್ಟು ಚಿಕ್ಕ ವಯಸ್ಸಿಗೆ ಯಾಕಮ್ಮಾ?’ ಎಂದು ಸ್ಕ್ಯಾನಿಂಗ್ ಸೆಂಟರಿನವರೇ ಕೇಳುತ್ತಾರೆ. ರೇಡಿಯೇಷನ್ ಸಮ್ಮರಿ ತೋರಿಸಿ.

ಕುತ್ತಿಗೆಗೂ ರೇಡಿಯೇಷನ್ ಬಿದ್ದಿರುವುದರಿಂದ ಥೈರಾಯ್ಡ್‌ಗೆ ವರ್ಷಕ್ಕೊಂದು ಟಿಎಸ್‌ಎಚ್ ರಕ್ತಪರೀಕ್ಷೆ, ಜೊತೆಗೆ ವೈದ್ಯರು ಕುತ್ತಿಗೆ ಮುಟ್ಟಿ ನೋಡಬೇಕು. ‘ಬಿ’ ಅಂದರೆ ಬ್ಲಿಯೊಮೈಸಿನ್ ಶ್ವಾಸಕೋಶಕ್ಕೆ ಕೆಡುಕು. ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಗಾಳಿ ಎಷ್ಟು ಚೆನ್ನಾಗಿ ದಾಟುತ್ತದೆ ಎಂಬ ಅಳತೆ) ಸೇರಿಸಿ ಒಮ್ಮೆ ಪಿಎಫ್‌ಟಿ (ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆ) ಮಾಡಿಸಿ, ಮುಂದೆ ಯಾವುದೇ ಆಪರೇಷನ್ ಆದರೂ ಅರಿವಳಿಕೆ ವೈದ್ಯರಿಗೆ ಈ ಔಷಧಿಯ ಹೆಸರು ಹೇಳಿ.

ಮಕ್ಕಳ ವಿಷಯದಲ್ಲಿ ಸಮಾಧಾನವಾಗಿರಿ. ಎಬಿವಿಡಿಯಿಂದ ಅಂಡಾಶಯಕ್ಕೆ ದೊಡ್ಡ ಪೆಟ್ಟು ಬೀಳುವುದು ಅಪರೂಪ. ಆದರೆ ಗರ್ಭಿಣಿಯಾಗುವ ಮೊದಲು ಎಕೊ, ಟಿಎಸ್‌ಎಚ್ ಆಗಿರಲೇಬೇಕು; ಬಸಿರಿನಲ್ಲಿ ಹೃದಯದ ಕೆಲಸ ಬಹಳ ಹೆಚ್ಚುತ್ತದೆ. ಕೀಮೋ ಪಡೆದಿದ್ದಾಳೆ ಎಂಬ ಕಾರಣಕ್ಕೆ ಹುಟ್ಟುವ ಮಗುವಿಗೆ ಕ್ಯಾನ್ಸರ್ ಬರುವುದಿಲ್ಲ.

ಹೇಳುವುದೋ ಬಿಡುವುದೋ ನಿಮ್ಮ ಮಗಳ ತೀರ್ಮಾನ. ನಮ್ಮನ್ನು ಕೇಳಿದರೆ ಹೇಳುವುದೇ ಲೇಸು. ಪ್ರತಿವರ್ಷ ಎಂಆರ್‌ಐಗೆ ಹೋಗಬೇಕಾದವಳು ಅದನ್ನು ಗಂಡನಿಂದ ಮುಚ್ಚಿಡಹೊರಟರೆ ಕೊನೆಗೆ ಪರೀಕ್ಷೆಯೇ ನಿಂತುಹೋಗುತ್ತದೆ.

ಪ್ರಶ್ನೆ: ಮಗನಿಗೆ 15 ವರ್ಷ. ರಕ್ತದ ಕ್ಯಾನ್ಸರ್ ಚಿಕಿತ್ಸೆ ಕಳೆದ ವರ್ಷ ಮುಗಿಯಿತು. ತೊಡೆಸಂದಿನಲ್ಲಿ ನೋವು, ಕುಂಟುತ್ತಾನೆ. ಎಕ್ಸ್‌ರೇ ಸರಿಯಿದೆ, ‘ಬೆಳೆಯುವ ವಯಸ್ಸಿನ ನೋವು’ ಎಂದರು.

ಉತ್ತರ: ಒಪ್ಪಿ ಸುಮ್ಮನಾಗಬೇಡಿ. ರಕ್ತದ ಕ್ಯಾನ್ಸರಿಗೆ ಕೊಡುವ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್‌ಗಳಿಂದ ತೊಡೆಮೂಳೆಯ ತಲೆಗೆ ರಕ್ತ ಸಂಚಾರ ಕಡಿಮೆಯಾಗಿ ಅದು ಸಾಯಬಹುದು. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಹೆಚ್ಚು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಎರಡೂ ಸೊಂಟದ ಕೀಲುಗಳ ಎಂಆರ್‌ಐ ಮಾಡಿಸಿ, ಅದು ಕೈಸೇರುವವರೆಗೆ ಓಟ, ಜಿಗಿತ ಬೇಡ. ರಿಪೋರ್ಟ್ ಹಿಡಿದು ಮೂಳೆ ತಜ್ಞರನ್ನೂ ಅವನ ಕ್ಯಾನ್ಸರ್ ವೈದ್ಯರನ್ನೂ ಕಾಣಿ.