ಹಸಿರು ಕಾರ್ಡು ಮಾತಿಗೆ, ಮುಟ್ಟುವುದಕ್ಕಲ್ಲ

(ಗುರುತು ಸಿಗದಂತೆ ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ತಾಯಿಯೊಡನೆ ನನ್ನ ಬಳಿ ಬಂದ ಆಕೆಗೆ 26 ವರ್ಷ. ಆಟಿಸಂ (ಸದ್ದು, ಸ್ಪರ್ಶ, ಮಾತುಕತೆಗಳನ್ನು ಮಿದುಳು ಬೇರೆ ಬಗೆಯಲ್ಲಿ ಗ್ರಹಿಸುವ, ಹುಟ್ಟಿನಿಂದಲೇ ಇರುವ ಸ್ಥಿತಿ) ಇರುವುದು ಗೊತ್ತಾದದ್ದು ಪದವಿ ಮುಗಿದ ಮೇಲೆ. ಆಟಿಸಂ ಇರುವ ವಯಸ್ಕರೂ ಅವರ ಮನೆಯವರೂ ಸೇರುವ ಸಮಾವೇಶದಿಂದ ಅರ್ಧಕ್ಕೇ ಎದ್ದು ಬಂದವರು ಒಂದು ವಾರ ಯಾರೊಂದಿಗೂ ಮಾತನಾಡಿರಲಿಲ್ಲ.

ಅಲ್ಲಿ ಎಲ್ಲರಿಗೂ ಕೊರಳಿಗೆ ಹಾಕಿಕೊಳ್ಳಲು ಮೂರು ಬಣ್ಣದ ಕಾರ್ಡುಗಳನ್ನು ಕೊಟ್ಟಿದ್ದರು. ಅಮೆರಿಕದಲ್ಲಿ 1996ರಲ್ಲಿ ಶುರುವಾದ, ಆಟಿಸಂ ಇರುವವರೇ ತಮಗಾಗಿ ನಡೆಸುತ್ತಿದ್ದ 'ಆಟ್ರೀಟ್' ಶಿಬಿರಗಳಲ್ಲಿ ಬೆಳೆದು ಬಂದ ಪದ್ಧತಿಯಿದು. ಹಸಿರೆಂದರೆ 'ನನ್ನನ್ನು ಮಾತನಾಡಿಸಿ, ನಾನಾಗಿ ಮಾತು ತೆಗೆಯುವುದು ಕಷ್ಟ'. ಹಳದಿಯೆಂದರೆ 'ಪರಿಚಯದವರು ಮಾತ್ರ'. ಕೆಂಪೆಂದರೆ 'ಈಗ ಮಾತನಾಡಿಸಬೇಡಿ'. ಮೂರೂ ಹೇಳುವುದು ಮಾತಿನ ವಿಷಯವನ್ನೇ.

ಬೆಳಿಗ್ಗೆ ಹಸಿರು ಹಾಕಿಕೊಂಡಿದ್ದ ಆಕೆ ಊಟದ ಹೊತ್ತಿಗೆ ಮೈಕಿನ ಸದ್ದಿಗೆ, ತಟ್ಟೆಗಳ ಸದ್ದಿಗೆ ಬಳಲಿ ಹೋಗಿದ್ದರು. ಆಗ ಹಿರಿಯರೊಬ್ಬರು "ಬಾಮ್ಮಾ, ಫೋಟೋಗೆ" ಎಂದು ಹೆಗಲ ಮೇಲೆ ಕೈಹಾಕಿ ಎಳೆದುಕೊಂಡರು. "ಕಾರ್ಡು ಬದಲಿಸಬೇಕು ಅಂತ ಗೊತ್ತಿತ್ತು ಮೇಡಂ, ಕೈ ಏಳಲಿಲ್ಲ" ಎಂದು ಹೇಳುವಾಗಲೂ ಆಕೆ ದುಪಟ್ಟಾದ ಅಂಚನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು.

"ಹಸಿರು ಹಾಕ್ಕೊಂಡಿದ್ದವಳು ನೀನೇ ಅಲ್ವೇನೇ" ಎಂದರು ತಾಯಿ. ನಾನು ಹೆಚ್ಚು ಹೊತ್ತು ಮಾತನಾಡಿದ್ದು ಈ ಮಾತಿನ ಬಗ್ಗೆಯೇ. ಬೆಳಿಗ್ಗೆ ಒಪ್ಪಿದ್ದು ಮಧ್ಯಾಹ್ನಕ್ಕೂ ಒಪ್ಪಿಗೆಯಾಗಿ ಉಳಿಯುವುದಿಲ್ಲ, ಮಾತಿಗೆ ಕೊಟ್ಟ ಒಪ್ಪಿಗೆ ಮೈಮುಟ್ಟುವುದಕ್ಕೂ ಫೋಟೋಕ್ಕೂ ಸಲ್ಲುವುದಿಲ್ಲ, ದಣಿವಿನಲ್ಲಿ ಮೈ ಮರಗಟ್ಟಿ ಸುಮ್ಮನಿದ್ದದ್ದನ್ನು ಒಪ್ಪಿಗೆಯೆಂದು ಎಣಿಸುವಂತೆಯೇ ಇಲ್ಲ ಎಂದು ವಿವರಿಸಿದೆ. ಹಿರಿಯರ ಮನಸ್ಸಿನಲ್ಲಿ ವಾತ್ಸಲ್ಯವೇ ಇದ್ದಿರಬಹುದು; ಆದರೂ ಮುಟ್ಟುವ ಮೊದಲು ಕೇಳಬೇಕಾದವರು ಅವರೇ ಹೊರತು, ತಡೆಯಲಿಲ್ಲವೆಂದು ತಪ್ಪು ಹೊರಬೇಕಾದವಳು ಮಗಳಲ್ಲ. ತಾಯಿ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಮಗಳ ಕಡೆ ತಿರುಗಿ, "ಪಕ್ಕದಲ್ಲೇ ಇದ್ದೆ, ನಾನಾದರೂ ಬೇಡ ಅನ್ನಬಹುದಿತ್ತು" ಎಂದರು.

ಆಕೆಗೆ ಕೊಟ್ಟ ಸಲಹೆ ಸರಳವಾದದ್ದು. ದಣಿದ ಮೇಲೆ ಕಾರ್ಡು ಬದಲಿಸಲು ಕೈ ಬಾರದಿರುವುದರಿಂದ, ಚೆನ್ನಾಗಿದ್ದರೂ ಸರಿ, ಊಟಕ್ಕೆ ಮೊದಲೇ ಹಳದಿಗೆ ಬದಲಿಸಿಕೊಳ್ಳಬೇಕು; ನಂಬಿಕೆಯ ಒಬ್ಬರಿಗೆ ಮೊದಲೇ ಹೇಳಿಟ್ಟು, ತಾನು ಕೈಸನ್ನೆ ಮಾಡಿದೊಡನೆ ಅವರು ಹೊರಗೆ ಕರೆದೊಯ್ಯುವಂತೆ ಮಾಡಿಕೊಳ್ಳಬೇಕು.

ಆಕೆಯ ಅನುಮತಿ ಪಡೆದು ಆಯೋಜಕರಿಗೂ ಬರೆದೆ. ಕೆಂಪು ಹಸಿರುಗಳ ವ್ಯತ್ಯಾಸ ಕಾಣದವರೂ ಇರುವುದರಿಂದ ಪ್ರತಿ ಕಾರ್ಡಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದ ಬರಹವೂ ಬೇರೆ ಬೇರೆ ಆಕಾರವೂ ಇರಬೇಕು, ಸ್ಪರ್ಶಕ್ಕೂ ಫೋಟೋಕ್ಕೂ ಪ್ರತ್ಯೇಕ ಗುರುತುಗಳಿರಬೇಕು ಎಂದೆ; ದಾರ ತಿರುಚಿ ಕಾರ್ಡಿನ ಖಾಲಿ ಬದಿ ಕಂಡರೆ ಅದನ್ನು ಕೆಂಪೆಂದೇ ತಿಳಿಯಬೇಕು ಎಂಬುದನ್ನು ಬಾಗಿಲಲ್ಲೇ ಎಲ್ಲರಿಗೂ ಹೇಳಲು ಕೋರಿದೆ.

ಆ ಹಿರಿಯರು ಮನೆಗೆ ಬಂದು ಕ್ಷಮೆ ಕೇಳುತ್ತೇನೆಂದರಂತೆ. ಬರವಣಿಗೆಯಲ್ಲಿ ಕೇಳಿದರೆ ಸಾಕೆಂದು ಆಕೆ ಹೇಳಿ ಕಳಿಸಿದ್ದಾರೆ. ಪತ್ರ ಬಂದ ಮೇಲೆ ಉತ್ತರ ಬರೆಯಲೇಬೇಕಾದ ಬಾಧ್ಯತೆಯೇನೂ ಇಲ್ಲವೆಂದು ತಿಳಿಸಿದ್ದೇನೆ.