ಆಸಿಡ್‌ನಿಂದ ತೆಗೆದ ಅಲಗಿನಲ್ಲಿ ಮಚ್ಚೆ, ಗೀರು, ತಾಮ್ರದ ಛಾಯೆ

ಪ್ರಶ್ನೆ: 1084 ಮತ್ತು 15ಎನ್20 ಉಕ್ಕಿನ ಪದರಗಳನ್ನು ಕುಲುಮೆಯಲ್ಲಿ ಬೆಸೆದು ಅಡುಗೆಮನೆಗೆ ಚಾಕು ಮಾಡಿದ್ದೇನೆ. ಮರಳು ಕಾಗದದಿಂದ 600 ಗ್ರಿಟ್‌ವರೆಗೆ (ಸಂಖ್ಯೆ ಏರಿದಷ್ಟೂ ಕಾಗದ ನುಣುಪು) ಉಜ್ಜಿ, ಹಿಡಿ ಕೂರಿಸಿ, ಉಕ್ಕನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಒಂದೇ ಸಲಕ್ಕೆ 20 ನಿಮಿಷ ಇಟ್ಟೆ. ಪದರಗಳ ಚಿತ್ತಾರ ಬಂತು. ಆದರೆ ಬೆನ್ನಿನ ಕಡೆ ಬೂದು ಮಚ್ಚೆ, ಮೊದಲು ಕಾಣದಿದ್ದ ಗೀರುಗಳು, ಅಲ್ಲಲ್ಲಿ ತಾಮ್ರದ ಛಾಯೆ. ಮರುದಿನ ಹಿಡಿಯ ಬುಡದಲ್ಲಿ ತುಕ್ಕು. ದ್ರಾವಣವೇ ಕೆಟ್ಟಿದೆಯೇ?

ಉತ್ತರ: ನಿಮ್ಮ ನಾಲ್ಕು ದೂರುಗಳಲ್ಲಿ ದ್ರಾವಣದ ತಪ್ಪು ಒಂದೇ, ತಾಮ್ರದ ಛಾಯೆ. ಸರ್ಕ್ಯೂಟ್ ಬೋರ್ಡ್ ಮಾಡಿ ಉಳಿದ ಫೆರಿಕ್ ಕ್ಲೋರೈಡ್ ಬಳಸಿದರೆ, ಅಥವಾ ಅಲಗನ್ನು ತಾಮ್ರದ ತಂತಿಯಲ್ಲಿ ತೂಗುಬಿಟ್ಟರೆ, ಹಿಡಿಯ ಹಿತ್ತಾಳೆ ಪಿನ್ನು ದ್ರಾವಣಕ್ಕೆ ತಾಗಿದರೆ ಹೀಗಾಗುತ್ತದೆ. ಕರಗಿದ ತಾಮ್ರವನ್ನು ಕಬ್ಬಿಣ ಹೊರಗೆಳೆದು ತನ್ನ ಮೈಮೇಲೆ ಕೂರಿಸಿಕೊಳ್ಳುತ್ತದೆ, ದ್ರಾವಣ ದಣಿದಷ್ಟೂ ಹೆಚ್ಚು. ಆ ದ್ರಾವಣವನ್ನು ಬದಿಗಿಡಿ. ಹೊಸದಕ್ಕೆ 40 ಶೇಕಡದ ಫೆರಿಕ್ ಕ್ಲೋರೈಡ್ ಒಂದು ಪಾಲು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮೂರು ಪಾಲು. ಪುಡಿ ಕೊಂಡಿದ್ದರೆ ನೀರಿಗೆ ಪುಡಿಯನ್ನು ಚೂರುಚೂರೇ ಹಾಕಿ. ಪುಡಿಯ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಪಾತ್ರೆ ಪ್ಲಾಸ್ಟಿಕ್ ಅಥವಾ ಗಾಜಿನದಿರಲಿ. ಅಲ್ಯೂಮಿನಿಯಂ, ಸ್ಟೀಲ್ ಎರಡೂ ಬೇಡ. ಕೈಗವಸು, ಕನ್ನಡಕ ಬಿಡಬೇಡಿ.

ಗೀರುಗಳು ಮೊದಲೇ ಇದ್ದವು. ಬೆಲ್ಟ್ ಗ್ರೈಂಡರ್‌ನ 120 ಗ್ರಿಟ್ ಬಿಟ್ಟ ಗೀರಿನ ಅಂಚನ್ನು ನುಣುಪಾದ ಕಾಗದ ಮಡಚಿ ಮುಚ್ಚಿತ್ತು, ಆಸಿಡ್ ಆ ಮುಚ್ಚಳ ತಿಂದುಹಾಕಿತು. ಬಫಿಂಗ್ ಚಕ್ರ ಇದನ್ನು ಇನ್ನೂ ಚೆನ್ನಾಗಿ ಮರೆಮಾಚುತ್ತದೆ, ಆದ್ದರಿಂದ ಎಚಿಂಗ್‌ಗೆ, ಅಂದರೆ ಆಸಿಡ್‌ನಲ್ಲಿ ಅದ್ದಿ ಚಿತ್ತಾರ ತೆಗೆಯುವುದಕ್ಕೆ, ಮುಂಚೆ ಅದರ ಹತ್ತಿರ ಸುಳಿಯಬೇಡಿ. ಗಟ್ಟಿ ಬ್ಲಾಕ್‌ಗೆ ಕಾಗದ ಸುತ್ತಿ 220, 400, 600, 800 ಎಂದು ಏರಿ, ಪ್ರತಿ ಹಂತದಲ್ಲೂ ದಿಕ್ಕನ್ನು 45 ಡಿಗ್ರಿ ತಿರುಗಿಸಿ. ಹಿಂದಿನ ದಿಕ್ಕಿನ ಒಂದು ಗೀರು ಕಂಡರೂ ಮುಂದಿನ ಕಾಗದ ಮುಟ್ಟಬೇಡಿ. 400 ಮುಗಿದಾಗ ಅಲಗನ್ನು 30 ಸೆಕೆಂಡು ದ್ರಾವಣದಲ್ಲಿ ಅದ್ದಿ ತೊಳೆದು ನೋಡಿ. ಅಡಗಿದ ಗೀರುಗಳೆಲ್ಲ ಆಗಲೇ ಎದ್ದು ಕಾಣುತ್ತವೆ. ಈ ಒಂದು ಅದ್ದುವಿಕೆ ಅರ್ಧ ದಿನದ ಕೆಲಸ ಉಳಿಸುತ್ತದೆ.

ಬೂದು ಮಚ್ಚೆಗೆ ಕಾರಣ ಮೂರಿರಬಹುದು. ಮಚ್ಚೆಯನ್ನು 800ರಲ್ಲಿ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ಮತ್ತೆ ಬೆರಳು ತಾಗಿಸದೆ ಅದ್ದಿ. ಮಾಯವಾದರೆ ಅದು ಬೆರಳಿನ ಜಿಡ್ಡು. ಅದೇ ಜಾಗದಲ್ಲಿ ಮತ್ತೆ ಬಂದು, ಅಲ್ಲಿ ಅರ ಸಲೀಸಾಗಿ ಕಚ್ಚಿದರೆ, ಹದ ಕೊಡುವಾಗ (ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವಾಗ) ಮೇಲ್ಪದರ ಇಂಗಾಲ ಕಳೆದುಕೊಂಡಿದೆ. ತೆರೆದ ಕುಲುಮೆಯಲ್ಲಿ 815 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೆಚ್ಚು ಹೊತ್ತು ಇಟ್ಟರೆ ಇದು ತಪ್ಪಿದ್ದಲ್ಲ. ಅಲಗನ್ನು ತಂಪಾಗಿಸಿಕೊಳ್ಳುತ್ತಾ ಆ ಮೇಲ್ಪದರವನ್ನು ಉಜ್ಜಿ ತೆಗೆಯಬೇಕು, ಮುಂದಿನ ಅಲಗಿಗೆ ಹದಕ್ಕೆ ಮುಂಚೆ ಎರಡೂ ಬದಿ ಸುಮಾರು 0.3 ಮಿ.ಮೀ. ಹೆಚ್ಚು ಲೋಹ ಉಳಿಸಿಕೊಳ್ಳಿ. ಇನ್ನು ಮಚ್ಚೆಯ ಗಡಿ ಬಾಯಿಗೆ ಸಮಾನಾಂತರವಾಗಿ ಅಲೆಯಂತೆ ಸಾಗಿದ್ದರೆ, ದಪ್ಪ ಬೆನ್ನು ಎಣ್ಣೆಯಲ್ಲಿ ನಿಧಾನವಾಗಿ ಆರಿ ಪೂರ್ತಿ ಗಡಸಾಗಿಲ್ಲ, ಅಷ್ಟೇ. 1084 ಆಳಕ್ಕೆ ಗಡಸಾಗುವ ಉಕ್ಕಲ್ಲ. ಬಾಯಿ ಗಡಸಾಗಿದ್ದರೆ ಅದನ್ನು ದೋಷವೆಂದು ನಾನು ಎಣಿಸುವುದಿಲ್ಲ.

ಒಂದೇ ಸಲ 20 ನಿಮಿಷ ಇಡುವ ಬದಲು 7ರಿಂದ 10 ನಿಮಿಷದ ಮೂರು ನಾಲ್ಕು ಸುತ್ತು ಮಾಡಿ. ಬೇಸಿಗೆಯ ಮಧ್ಯಾಹ್ನವಾದರೆ ಇನ್ನೂ ಕಡಿಮೆ ಸಾಕು. ಪ್ರತಿ ಸುತ್ತಿಗೂ ತೆಗೆದು ತೊಳೆದು ಕಪ್ಪು ಮಸಿ ಒರೆಸಿ. ಮಸಿ ಉಳಿದ ಕಡೆ ಆಸಿಡ್ ಸಮನಾಗಿ ತಿನ್ನುವುದಿಲ್ಲ. ಉಗುರಿಗೆ ಪದರದ ಮೆಟ್ಟಿಲು ತಾಗಿದರೆ ಆಳ ಸಾಕು. ಲೀಟರಿಗೆ ಮೂರು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ 10 ನಿಮಿಷ ನೆನೆಸಿ. ಕಪ್ಪು ಇನ್ನೂ ಗಾಢವಾಗಲೆಂದರೆ ಲೀಟರಿಗೆ 80–100 ಗ್ರಾಂ ಇನ್‌ಸ್ಟಂಟ್ ಕಾಫಿ ಕಲಸಿ, ಆರಿಸಿ, ಅದರಲ್ಲಿ ನಾಲ್ಕೈದು ಗಂಟೆ ಬಿಡಿ. ಅಗ್ಗದ ಪುಡಿ ಸಾಕು, ಮನೆಯ ಒಳ್ಳೆ ಡಿಕಾಕ್ಷನ್ ಇದಕ್ಕೆ ದಂಡ. ಕೊನೆಗೆ ಗಟ್ಟಿ ಬ್ಲಾಕ್‌ಗೆ ಸುತ್ತಿದ 2000 ಗ್ರಿಟ್ ಕಾಗದವನ್ನು ಹಗುರವಾಗಿ ಎಳೆದರೆ, ಸುಮಾರು 2 ಶೇಕಡ ನಿಕಲ್ ಇರುವ 15ಎನ್20 ಉಬ್ಬುಗಳಷ್ಟೇ ಬೆಳ್ಳಗಾಗುತ್ತವೆ.

ತುಕ್ಕಿನ ಮೂಲ ಹಿಡಿಯ ಸಂದಿಗೆ ನುಗ್ಗಿದ ಕ್ಲೋರೈಡ್. ಹೊರಗಿನಿಂದ ಎಷ್ಟು ತೊಳೆದರೂ ಅದು ಒಳಗೇ ಕೂತು ಉಕ್ಕನ್ನು ಕೊರೆಯುತ್ತದೆ, ಹಾಗಾಗಿ ಹಿಡಿ ಬಿಚ್ಚಲೇಬೇಕು. ಬುಡವನ್ನು ಸೋಡಾ ನೀರಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಹೊಸ ಎಪಾಕ್ಸಿ ಅಂಟಿನಿಂದ ಹಿಡಿ ಕೂರಿಸಿ. ಅಲಗಿಗೆ ಆಹಾರ ದರ್ಜೆಯ ಮಿನರಲ್ ಆಯಿಲ್ ಸವರಿ. ಹಳೆಯ ದ್ರಾವಣವನ್ನು ಚರಂಡಿಗೆ ಬಿಡಬೇಡಿ, ಅದರಲ್ಲಿ ತಾಮ್ರವಿದೆ. ನೊರೆ ನಿಲ್ಲುವವರೆಗೆ ವಾಷಿಂಗ್ ಸೋಡಾ ಹಾಕಿ, ತಳಕ್ಕಿಳಿದ ಕೆಸರನ್ನು ಅಪಾಯಕಾರಿ ಕಸಕ್ಕೆ ಸೇರಿಸಿ.