ಮುಖದೊಳಗಿನ ಪ್ಲಾಸ್ಟಿಕ್ ಬಿಸಿಲಿಗೆ ಕರಗುತ್ತದೆಯೇ?

ಪ್ರಶ್ನೆ: ನನ್ನ ತಮ್ಮ ಅಡಿಕೆ ಕೊನೆ ಕೊಯ್ಯುವಾಗ ಮರದಿಂದ ಬಿದ್ದು ಕೆನ್ನೆಯ ಮೂಳೆ ಮುರಿದುಕೊಂಡ. ಗಾಯ ಮಾಯಿತು, ಆದರೆ ಈಗ ಒಂದು ಕಡೆಯ ಕೆನ್ನೆ ಒಳಗೆ ಕುಸಿದಿದೆ. ನೆಂಟರ ಮನೆಗೂ ಬರುವುದಿಲ್ಲ. ಶಿವಮೊಗ್ಗದಲ್ಲಿ ತೋರಿಸಿದಾಗ ‘ಪೀಕ್’ ಎಂಬ ಪ್ಲಾಸ್ಟಿಕ್ ತುಂಡು ಕೂರಿಸಬಹುದು ಎಂದರು. ಬಿಸಿಲಲ್ಲಿ ದುಡಿಯುವವನು, ಅದು ಕರಗಲ್ವಾ? ಮೂಳೆ ಬೆಳೆಸುವ ಹೊಸ ವಸ್ತು ಬರುತ್ತದಂತೆ, ಅದಕ್ಕೆ ಕಾಯುವುದೇ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಅಕ್ಕಾ, ಕರಗುವ ಭಯವನ್ನು ಮೊದಲು ಬಿಡಿ. ಪೀಕ್ ಕರಗುವುದು ಸುಮಾರು 343 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆಪರೇಷನ್‌ಗೆ ಮೊದಲು ಕುದಿನೀರಿಗಿಂತ ಬಿಸಿಯಾದ ಹಬೆಯಲ್ಲಿಟ್ಟು ಶುದ್ಧ ಮಾಡಿದರೂ ಅದರ ಆಕಾರ ಕೆಡುವುದಿಲ್ಲ. ಪ್ಲಾಸ್ಟಿಕ್ ಅಂದ ಕೂಡಲೇ ನಮಗೆ ಕೊಡ, ಚೀಲ ನೆನಪಾಗುತ್ತದೆ. ಆದರೆ ನೆಲದಲ್ಲೇ ನಿಂತು ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯಲ್ಲೂ ಎಳೆಗಳನ್ನು ಹಿಡಿದಿಟ್ಟಿರುವುದು ಪಾಲಿಮರ್, ಅಂದರೆ ಪ್ಲಾಸ್ಟಿಕ್ ಜಾತಿಯ ಅಂಟೇ ಅಲ್ವಾ? ಎಲ್ಲ ಪಾಲಿಮರ್ ಒಂದೇ ಅಲ್ಲ.

ಪೀಕ್‌ನ ಒಳ್ಳೆಯ ಗುಣವೆಂದರೆ ಅದು ಮೂಳೆಗೆ ಕೂರಿಸುವ ಲೋಹವಾದ ಟೈಟಾನಿಯಂನಷ್ಟು ಬಿರುಸಲ್ಲ, ಮೂಳೆಯ ಬಿರುಸಿಗೆ ಹೆಚ್ಚು ಹತ್ತಿರ. ಬಿರುಸನ್ನು ಗಿಗಾಪಾಸ್ಕಲ್‌ನಲ್ಲಿ ಅಳೆಯುತ್ತಾರೆ: ಟೈಟಾನಿಯಂ ಸುಮಾರು 110, ಗಟ್ಟಿ ಮೂಳೆ ಹೆಚ್ಚೆಂದರೆ 20ರ ಆಸುಪಾಸು, ಪೀಕ್ 3ರಿಂದ 4. ಮುಂದೆ ಸಿ.ಟಿ. ಸ್ಕ್ಯಾನ್ ಮಾಡಿದರೆ ಲೋಹದ ಹಾಗೆ ಚಿತ್ರವನ್ನೂ ಕೆಡಿಸುವುದಿಲ್ಲ. ತಯಾರಿ ನಡೆಯುವುದೂ ಸ್ಕ್ಯಾನ್‌ನಿಂದಲೇ: ಸರಿಯಿರುವ ಕೆನ್ನೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಕನ್ನಡಿಯಂತೆ ತಿರುಗಿಸಿ, ಕುಸಿದ ಕಡೆಗೆ ಎಷ್ಟು ಬೇಕೋ ಅಷ್ಟೇ ತುಂಡನ್ನು ಮೊದಲೇ ಮಾಡಿಟ್ಟುಕೊಳ್ಳುತ್ತಾರೆ, ಹಾಗಾಗಿ ಆಪರೇಷನ್ ಟೇಬಲ್ ಮೇಲೆ ಕೆತ್ತುತ್ತಾ ಕೂರುವ ಕೆಲಸ ಕಡಿಮೆ.

ಕೊರತೆಯೂ ಇದೆ. ಮೂಳೆ ಪೀಕ್‌ಗೆ ತಾನಾಗಿ ಅಂಟಿಕೊಳ್ಳುವುದಿಲ್ಲ, ಸ್ಕ್ರೂಗಳೇ ಹಿಡಿದಿರಬೇಕು. ಅದಕ್ಕೇ ಅದರ ಮೈಯಲ್ಲಿ ಸಣ್ಣ ರಂಧ್ರ ಮಾಡುವುದು, ಮೂಳೆಯಲ್ಲೇ ಇರುವಂಥ ಖನಿಜ ಲೇಪಿಸುವುದು ಇಂಥ ಸಂಶೋಧನೆ ಜೋರಾಗಿ ನಡೆದಿದೆ. ರಂಧ್ರಗಳಿರುವ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಇನ್ನೊಂದು ದಾರಿ. ಅದರೊಳಗೆ ನಮ್ಮ ಅಂಗಾಂಶ, ರಕ್ತನಾಳ ಬೆಳೆದು ಹಿಡಿದುಕೊಳ್ಳುತ್ತವೆ. ಚೆನ್ನಾಗಿ ಹಿಡಿದುಕೊಳ್ಳುವುದರಿಂದಲೇ ಮುಂದೆ ತೆಗೆಯಬೇಕಾಗಿ ಬಂದರೆ ಕಷ್ಟ.

ನೀವು ಕೇಳಿದ ಹೊಸ ವಸ್ತು ಬಹುಶಃ ಆಕಾರ ನೆನಪಿಡುವ ಪಾಲಿಮರ್ ಇರಬೇಕು. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಮೆಲಿಸ್ಸಾ ಗ್ರನ್ಲನ್ ಅವರ ತಂಡ 2014ರಲ್ಲಿ ಅಂಥದ್ದೊಂದನ್ನು ತೋರಿಸಿತ್ತು. ಸುಮಾರು 60 ಡಿಗ್ರಿಯ ಉಪ್ಪುನೀರಿನಲ್ಲಿ ಅದು ಮೆತ್ತಗಾಗುತ್ತದೆ, ಮೂಳೆಯ ಸಂದಿಗೆ ಒತ್ತಿದರೆ ಹಿಗ್ಗಿ ಮೂಲೆಮೂಲೆ ತುಂಬುತ್ತದೆ, ಮೈಯ ಬಿಸಿಗೆ ಇಳಿದಾಗ ಬಿಗಿಯಾಗುತ್ತದೆ. ಮೂಳೆಯ ಜೀವಕೋಶಗಳು ಅದರ ರಂಧ್ರಗಳೊಳಗೆ ಬೆಳೆಯಬೇಕು, ವಸ್ತು ನಿಧಾನವಾಗಿ ಕರಗಿ ಹೋಗಬೇಕು ಎಂಬುದು ಅವರ ಉದ್ದೇಶ. ಬಹಳ ಚೆಂದದ ಕೆಲಸ. ಆದರೆ ಅವರು ಆಗ ತೋರಿಸಿದ್ದು ಪ್ರಯೋಗಾಲಯದ ಫಲಿತಾಂಶ. ಅದನ್ನು ನಂಬಿಕೊಂಡು ತಮ್ಮ ಇನ್ನಷ್ಟು ವರ್ಷ ಮನೆಯೊಳಗೇ ಕೂರುವುದು ಬೇಡ, ನನಗೆ ಅದು ಸರಿ ಕಾಣುವುದಿಲ್ಲ.

ಸರ್ಜನ್ ಹತ್ತಿರ ಕೆಲವು ಮಾತು ಬಿಚ್ಚಿ ಕೇಳಿ. ಸೊಂಟದ್ದೋ ತಲೆಬುರುಡೆಯದ್ದೋ ಸ್ವಂತ ಮೂಳೆ ತೆಗೆದು ಹಾಕಲು ಆಗುತ್ತದೆಯೇ? ಕೆನ್ನೆಯ ಹಿಂದೆ ಸೈನಸ್ ಎಂಬ ಗಾಳಿಯ ಕೋಣೆ ಇದೆ, ಹಾಕುವ ತುಂಡು ಅದಕ್ಕೆ ತೆರೆದುಕೊಂಡಿದ್ದರೆ ಸೋಂಕಿನ ಅಪಾಯ ಜಾಸ್ತಿ, ಅದಕ್ಕೆ ಏನು ಮಾಡುತ್ತಾರೆ? ತಮ್ಮನಿಗೆ ಒಂದು ವಸ್ತು ಎರಡಾಗಿ ಕಂಡರೆ, ಆ ಕಡೆಯ ಕಣ್ಣು ಒಳಗೆ ಹೋದಂತಿದ್ದರೆ ತಪ್ಪದೆ ಹೇಳಿ. ಕಣ್ಣುಗುಡ್ಡೆಯ ಕೆಳಗಿನ ತೆಳು ಮೂಳೆಯೂ ಮುರಿದಿರಬಹುದು, ಆಗ ಆಪರೇಷನ್‌ನ ಲೆಕ್ಕವೇ ಬೇರೆ.

ಕವಳಕ್ಕೆ ತಂಬಾಕು ಸೇರಿಸುವ ಅಭ್ಯಾಸವಿದ್ದರೆ ಈಗಲೇ ನಿಲ್ಲಿಸಬೇಕು. ಬೀಡಿಯೂ ಅಷ್ಟೇ. ತಂಬಾಕಿನಿಂದ ರಕ್ತ ಓಡಾಟ ಕಡಿಮೆಯಾಗಿ ಗಾಯ ತಡವಾಗಿ ಮಾಯುತ್ತದೆ. ಅಳತೆಗೆ ಮಾಡಿಸಿದ ಪೀಕ್ ದುಬಾರಿ, ಆದ್ದರಿಂದ ದಿನ ಗೊತ್ತು ಮಾಡುವ ಮೊದಲೇ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಎಷ್ಟು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿ. ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದರೂ ಕೆನ್ನೆ ಊದಿದರೆ, ಕೀವು ಕಂಡರೆ, ಮನೆಮದ್ದು ಮಾಡುತ್ತಾ ಕೂರದೆ ಅದೇ ಸರ್ಜನ್‌ಗೆ ತೋರಿಸಿ.